ಅಣ್ಣಾಜಿಯ ಸ್ಟಾಪ್‌ಲಾಸ್

ಬ್ಯಾಡಗಿಯ ಮೆಣಸಿನಕಾಯಿ ಅಂಗಡಿಯೊಂದರಲ್ಲಿ ಗುಮಾಸ್ತನಾಗಿದ್ದ ಅಣ್ಣಾಜಿ, ಮನೆಯ ಸೋರುವ ತಗಡು ತೆಗೆಸಿ ಸ್ಲ್ಯಾಬ್ ಹಾಕಿಸಲು ಹನ್ನೆರಡು ವರ್ಷ ಹೊಟ್ಟೆಬಟ್ಟೆ ಕಟ್ಟಿ ಕೂಡಿಸಿದ ಹಣವನ್ನೆಲ್ಲ, ತೊಂಬತ್ತೆರಡರ ಶೇರುಪೇಟೆಯ ಗಾಳಿಗೆ ಸಿಕ್ಕು, ಒಂದು ಸಿಮೆಂಟ್ ಕಂಪನಿಯ ಶೇರಿಗೆ ಸುರಿದಿದ್ದ. ಕೊಂಡದ್ದು ನೂರಾ ನಲವತ್ತಕ್ಕೆ. ಅಂದಿನಿಂದ ಪಾಪ, ನಿದ್ದೆಯೇ ಇಲ್ಲ. ನೋಡಲಾರದೆ ಹುಬ್ಬಳ್ಳಿಯ ದಲಾಲ ಉಪಾಯ ಹೇಳಿದ: 'ನೂರಾ ಇಪ್ಪತ್ತಕ್ಕೆ ಇಳಿದ ಕೂಡಲೇ ಮಾರಿಬಿಡಿ' ಎಂದು ಮೊದಲೇ ಬರೆದುಕೊಟ್ಟರೆ ನಷ್ಟ ಅಲ್ಲಿಗೇ ನಿಲ್ಲುತ್ತದೆ, ಅದಕ್ಕೆ ಸ್ಟಾಪ್‌ಲಾಸ್ ಅನ್ನುತ್ತಾರೆ. ಅಣ್ಣಾಜಿ ಚೀಟಿ ಬರೆದು, ಹುಬ್ಬಳ್ಳಿಗೆ ಹೊರಟಿದ್ದ ಜೊತೆ ಗುಮಾಸ್ತ ಪರಮೇಶಪ್ಪನ ಕೈಗೆ ಕೊಟ್ಟ.

ಪರಮೇಶಪ್ಪನಿಗೆ ಗೊತ್ತಾದರೆ ಊರಿಗೇ ಡಂಗುರ. ಒಂದು ದಿನ ಬೆಳಿಗ್ಗೆ ಪೇಪರಿನಲ್ಲಿ ಶೇರು ನೂರಾ ಇಪ್ಪತ್ತಾರು ಎಂದು ಕಂಡದ್ದೇ ತಡ, ಅಂಗಡಿಯವರೆಲ್ಲ ಅಣ್ಣಾಜಿಯ ಮೇಲೆ ಬಿದ್ದರು.

"ಲುಕ್ಸಾನಕ್ಕ ಮಾರ್ರಿ ಅಂತ ತಾನ ಬರಕೊಡೋ ಶಾಣ್ಯಾನ್ನ ಇವತ್ತ ನೋಡಿದೆ! ಲಗೂ ಫೋನ್ ಹಚ್ಚಿ ರದ್ದು ಮಾಡ್ಸೋ," ಅಂದರು ಮಾಲಕರು.

ಅಣ್ಣಾಜಿ ಹುಬ್ಬಳ್ಳಿಗೆ ಟ್ರಂಕ್ ಕಾಲ್ ಬುಕ್ ಮಾಡಿ ಫೋನಿನ ಪಕ್ಕ ಕೂತ. ಮೆಣಸಿನಕಾಯಿ ಘಾಟಿಗೆ ಸೀನುತ್ತ ಕೂತ. ಗಂಟೆ ಬಾರಿಸಿದಾಗಲೆಲ್ಲ ಕಾಯಿಯ ದರ ಕೇಳುವವರೇ. ಮಧ್ಯಾಹ್ನ ಮುಂಬಯಿಯ ಗಿರಾಕಿಯೊಬ್ಬ ಫೋನಿನಲ್ಲಿ ಸುದ್ದಿ ಹೇಳಿದ: ಶೇರುಪೇಟೆ ಕುಸಿದಿದೆ, ಅಣ್ಣಾಜಿಯ ಸಿಮೆಂಟು ನೂರಾ ಐದು.

ಬೆಳಿಗ್ಗೆ ಬೈದ ಬಾಯಿಗಳೇ ಈಗ ತಿರುಗಿದವು.

"ಭಲೇ ಅಣ್ಣಾಜಿ! ನಿಂದು ನೂರಾ ಇಪ್ಪತ್ತಕ್ಕ ಹೋಗಿರತೈತಿ. ಪಾರಾದಿ ನೋಡಪಾ!"

ಎಷ್ಟೋ ದಿನಗಳ ಮೇಲೆ ಅಣ್ಣಾಜಿಗೆ ಉಸಿರು ಸರಾಗವಾಯಿತು. ಹಮಾಲ ಹೊಳಿಯಪ್ಪನನ್ನು ಮನೆಗೆ ಓಡಿಸಿದ. "ರೊಕ್ಕ ಉಳದಾವ, ಗೌಂಡಿನ್ನ ಕರಸಿ ಇವತ್ತ ಸ್ಲ್ಯಾಬಿನ ಕೆಲಸ ಚಾಲೂ ಮಾಡಸು ಅಂತ ನಮ್ಮ ಮನಿಯಾಗ ಹೇಳು."

ನಾಲ್ಕು ಗಂಟೆಗೆ, ಯಾರಿಗೂ ಬೇಡವಾದ ಹೊತ್ತಿಗೆ, ಟ್ರಂಕ್ ಕಾಲ್ ಬಂತು.

"ಎಲ್ಲಿ ಮಾರೂದ್ರಿ?" ದಲಾಲ ಅತ್ತಲಿಂದ ಕೂಗಿದ. "ನಿನ್ನಿ ನೂರಾ ಇಪ್ಪತ್ತಾರಕ್ಕ ಮುಚ್ಚಿದ ಪ್ಯಾಟಿ ಇವತ್ತ ತೆಗದಿದ್ದ ನೂರಾ ಐದಕ್ಕ. ಬರೇ ಸ್ಟಾಪ್‌ಲಾಸ್ ಇದ್ದಿದ್ದರ ಸಿಕ್ಕ ದರಕ್ಕ ಕೊಟ್ಟು ಕೈ ತೊಳಕೋತಿದ್ದೆ. ನೀವು ಚೀಟಿ ಕೆಳಗ, 'ನೂರಾ ಇಪ್ಪತ್ತಕ್ಕ ಒಂದು ಪೈಸಾ ಕಮ್ಮಿ ಕೊಡಬಾರದು' ಅಂತ ಬರದೀರಲ್ಲ! ಆ ದರ ಬರಲೇ ಇಲ್ಲ. ಈಗ ಎಂಬತ್ತಂದರೂ ಕೇಳೋರಿಲ್ಲ."

"ನಾ ಎಲ್ಲಿ ಬರದೇನ್ರಿ?" ಅಣ್ಣಾಜಿ ಕೂಗಿದ.

"ನಾ ಬರದೆ," ಅಂದ ಪರಮೇಶಪ್ಪ, ಪಕ್ಕದಲ್ಲೇ ಹೆಮ್ಮೆಯಿಂದ. "ನೀ ಮರತಿದ್ದಿ. ದರ ಕಟ್ಟದ ಯಾರರ ಮಾಲು ಬಿಡತಾರೇನು? ನಮ್ಮ ಯಾರ್ಡಿನಾಗ ಸಣ್ಣ ಹುಡುಗನೂ ಬಿಡೂದಿಲ್ಲ."

ಅಣ್ಣಾಜಿ ಫೋನು ಇಟ್ಟ. ಗೌಂಡಿಯನ್ನಾದರೂ ತಡೆಯೋಣವೆಂದು ಚಪ್ಪಲಿ ಮೆಟ್ಟದೆ ಮನೆಗೆ ಓಡಿದ.

ಅಡಿಗೆಮನೆಯಲ್ಲಿ ಎಂದೂ ಇಲ್ಲದ ಬೆಳಕಿತ್ತು. ನೆತ್ತಿಯ ಮೇಲೆ ತಗಡಿರಲಿಲ್ಲ, ಆಕಾಶವಿತ್ತು. ಹೆಂಡತಿ ಪದ್ಮಾಬಾಯಿ ಗೌಂಡಿಯ ಆಳುಗಳಿಗೆ ಶಿರಾ ತಿರುವುತ್ತಿದ್ದಳು.

"ಬಂದ್ರ್ಯಾ? ಎರಡು ತಾಸಿನಾಗ ಇಳಿಸಿಬಿಟ್ರು ನೋಡ್ರಿ," ಅಂದಳು. ಅವಳ ಮುಖದಲ್ಲಿ ಹನ್ನೆರಡು ವರ್ಷದ ನಗೆ. "ಗುಜರಿಯವ ಬಂದಿದ್ದ. ನಿಮ್ಮಂಗ ಚೌಕಾಶಿ ಮಾಡಕೋತ ಕೂಡಲಿಲ್ಲ ನಾನು. ತಗಡೆಲ್ಲಾ ಸಿಕ್ಕ ದರಕ್ಕ ಕೊಟ್ಟುಬಿಟ್ಟೆ!"