ರೋಬೋಟಿಗೆ ಪಲ್ಪರಿನ ಹಲ್ಲು

ಅಂಗಡಿಯಲ್ಲಿ ಸಿಗುವ ವಸ್ತುವನ್ನು ಅಂಗಡಿಯಲ್ಲೇ ಕೊಂಡು ಸುಮ್ಮನೆ ಮನೆಗೆ ಬರುವವರನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಅವರಿಗೆ ನೆಮ್ಮದಿಯ ಸಂಜೆಗಳಿವೆ, ಕಣ್ತುಂಬ ನಿದ್ದೆಯಿದೆ. ನನಗೆ ಎರಡೂ ಇಲ್ಲ. ಯಾವುದನ್ನೇ ಆಗಲಿ ನಮ್ಮ ಅಳತೆಗೆ ನಾವೇ ಮಾಡಿಸಬೇಕು ಎನ್ನುವ ರೋಗ ನನಗೆ ಹುಟ್ಟಿನಿಂದ ಬಂದದ್ದು. ಹಾನುಬಾಳಿನ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತ ಸುಖವಾಗಿದ್ದ ನಾನು, ನಲವತ್ತೆರಡನೇ ವಯಸ್ಸಿನಲ್ಲಿ ರೋಬೋಟಿನ ಹುಚ್ಚಿಗೆ ಬಿದ್ದೆ. ಮೊಬೈಲ್ ಕೊಂಡವರು ಸಿಗ್ನಲ್ ಹುಡುಕಿಕೊಂಡು ಗುಡ್ಡ ಹತ್ತುತ್ತಿದ್ದ ಕಾಲ ಅದು. ಅವರ ಹುಚ್ಚಿನ ಮುಂದೆ ನನ್ನದು ಯಾವ ಲೆಕ್ಕ ಎಂದು ಸಮಾಧಾನ ಮಾಡಿಕೊಂಡಿದ್ದೆ.

ಬೆಂಗಳೂರಿನಿಂದ ತರಿಸಿದ ಬಿಡಿಭಾಗಗಳನ್ನು ಜೋಡಿಸಿ, ಸ್ವಿಚ್ ಬೋರ್ಡಿನ ಪ್ಲಾಸ್ಟಿಕ್ ಡಬ್ಬಿಯ ಮೇಲೆ ಮೂರು ಚಕ್ರದ ರೋಬೋಟ್ ಒಂದನ್ನು ನಿಲ್ಲಿಸಿದೆ. ಮೇಜಿನ ಮೇಲೆ ಚೆನ್ನಾಗಿಯೇ ಓಡಿತು. ನೆಲಕ್ಕೆ ಬಿಟ್ಟರೆ ಹಿಂದಕ್ಕೆ ಜಾರಿತು. ಈ ಆಟಿಕೆ ಮೋಟಾರುಗಳನ್ನು ಮಾಡುವವರು ಸಪಾಟಾದ ಊರಿನವರೇ ಇರಬೇಕು. ನಮ್ಮಲ್ಲಿ ಸಪಾಟಾದ ಜಾಗ ಎಲ್ಲಿದೆ ಸ್ವಾಮಿ? ನಮ್ಮ ಮನೆಯನ್ನೇ ನೋಡಿ: ಅಡುಗೆಮನೆ ಕೆಳಗೆ, ಜಗಲಿ ಮೇಲೆ, ಎರಡರ ಮಧ್ಯೆ ಕೈಗಾಡಿ ತಳ್ಳಲು ಮಾಡಿಸಿದ ಸಿಮೆಂಟಿನ ಇಳಿಜಾರು. ಅದನ್ನು ಹತ್ತಿಸಬೇಕಾದರೆ ಮೋಟಾರಿನ ನೂರು ಸುತ್ತನ್ನು ಒಂದು ಸುತ್ತಿಗೆ ಇಳಿಸುವ ಗೇರ್ ಬೇಕು. ವೇಗ ಹೋದಷ್ಟೂ ಬಲ ಬರುತ್ತದೆ.

ಇದನ್ನು ನನ್ನ ಭಾವಮೈದ ಶಿವುವಿಗೆ ವಿವರಿಸಿದ್ದೇ ತಪ್ಪಾಯಿತು. ಬಾಡಿಗೆ ಜೀಪು ಓಡಿಸುವ ಅವನು, "ಅಯ್ಯೋ ಭಾವ, ಜೀಪಿನ ವೈಪರ್ ಮೋಟ್ರು ಹಾಕ್ಬುಡಿ, ಅದ್ರೊಳಗೇ ಗೇರ್ ಐತೆ. ನನ್ನತ್ರ ಹಳೇದೊಂದು ಬಿದ್ದೈತೆ" ಎಂದ. ಮೈ ಉರಿದುಹೋಯಿತು. ಎರಡು ನೋಟ್‌ಬುಕ್ ತುಂಬ ಲೆಕ್ಕ ಹಾಕಿದವನಿಗೆ ವೈಪರ್ ಮೋಟಾರೇ? "ನನ್ನ ಗೇರ್ ನಾನೇ ಮಾಡಿಸ್ತೀನಿ. ಯುಗಾದಿಗೆ ಬಾ, ರೋಬೋಟೇ ನಿನಗೆ ಜಗಲಿಗೆ ಕಾಫಿ ತಂದುಕೊಡುತ್ತೆ" ಎಂದುಬಿಟ್ಟೆ. "ತರದೇ ಇದ್ರೆ?" ಎಂದ. ಒಳಗಿನಿಂದ ನನ್ನ ಹೆಂಡತಿ ಗಿರಿಜಾಳ ದನಿ ಬಂತು: "ತರದೇ ಇದ್ರೆ ಆಯಸ್ಸಿಡೀ ಯುಗಾದಿ ಶಾವಿಗೆ ಇವರೇ ಒತ್ತೋದು. ತಂದ್ರೆ ನೀನು ಒತ್ತು."

ಪಂದ್ಯ ಸಣ್ಣದೆಂದು ನಗಬೇಡಿ. ನಮ್ಮ ಮನೆಯ ಶಾವಿಗೆ ಒರಳು ಅತ್ತೆಯವರ ಕಾಲದ್ದು, ಕಬ್ಬಿಣದ್ದು. ಬೆಂದ ಅಕ್ಕಿ ಕಡುಬನ್ನು ಬಿಸಿಯಿರುವಾಗಲೇ ಒಳಗಿಟ್ಟು, ಮೇಲಿನ ಹಿಡಿಯನ್ನು ಗಾಣದೆತ್ತಿನಂತೆ ತಿರುಗಿಸಬೇಕು. ಹಿಂದಿನ ವರ್ಷ ಹದಿನಾಲ್ಕು ಜನಕ್ಕೆ ಒತ್ತಿದ ಮೇಲೆ, ಎಂಟು ದಿನ ಕಪ್ಪುಹಲಗೆಯ ಅರ್ಧಕ್ಕಿಂತ ಮೇಲೆ ನನ್ನ ಕೈ ಏಳಲಿಲ್ಲ. ಕೆಳಗರ್ಧದಲ್ಲೇ ಪೈಥಾಗೊರಸನ ಪ್ರಮೇಯ ಮುಗಿಸಿದ್ದೆ. ನನ್ನ ಬಲಭುಜದ ಭವಿಷ್ಯವೆಲ್ಲ ಈಗ ಆ ಗೇರಿನ ಮೇಲೆ ನಿಂತಿತು.

ಸಕಲೇಶಪುರದ ಲೇತ್ ವರ್ಕ್‌ಶಾಪಿನ ರಾಜಣ್ಣ ದೇವರಂಥ ಮನುಷ್ಯ. ಸುತ್ತಲ ಎಸ್ಟೇಟುಗಳಲ್ಲಿ ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಕೆಟ್ಟರೆ ಎಲ್ಲರೂ ಓಡುವುದು ಅವನ ಬಳಿಗೇ. ನನ್ನ ನಕ್ಷೆಯನ್ನು ಬೆಳಕಿಗೆ ಹಿಡಿದು, ತಿರುಗಿಸಿ ಮುರುಗಿಸಿ ನೋಡಿ, "ಆಯ್ತು ಬುಡಿ ಮೇಷ್ಟ್ರೇ" ಎಂದ. ಆಮೇಲೆ ಶುರುವಾಯಿತು ನನ್ನ ಅಲೆದಾಟ. ಹೋದಾಗಲೆಲ್ಲ ಯಾವುದೋ ತೋಟದ ಪಲ್ಪರ್ ಲೇತಿನ ಮುಂದೆ ಅಂಗಾತ ಮಲಗಿರುತ್ತಿತ್ತು. "ನಾಳಿಕ್ ಬನ್ನಿ" ಎನ್ನುವುದನ್ನು ಎಷ್ಟು ಸಲ ಕೇಳಿದೆನೋ, ಬಸ್ಸಿನ ಕಂಡಕ್ಟರೇ "ಇವತ್ತಾದ್ರೂ ಆಯ್ತಾ ಸಾರ್?" ಎಂದು ವಿಚಾರಿಸತೊಡಗಿದ.

ಕೊನೆಗೆ ಹಬ್ಬದ ಹಿಂದಿನ ಸಂಜೆ ರಾಜಣ್ಣ ಗೋಣಿತಾಟಿನಲ್ಲಿ ಸುತ್ತಿದ ಗಂಟೊಂದನ್ನು ಎರಡೂ ಕೈಯಲ್ಲಿ ಎತ್ತಿ ಕೊಟ್ಟ. ಬೆಂಕಿಪೊಟ್ಟಣದಷ್ಟಿರಬೇಕಾದ ಗೇರ್ ಡಬ್ಬಿ ಇಟ್ಟಿಗೆಯಷ್ಟಿತ್ತು. "ಇದೇನು ರಾಜಣ್ಣ?" ಎಂದು ಚೀರಿದೆ. ಅವನು ಪಕ್ಕದವರಿಗೆ ಕೇಳಿಸದಂತೆ ದನಿ ತಗ್ಗಿಸಿ, "ನೀವು ಬರೆಯೋವಾಗ ಅಳತೆ ತಪ್ಪೋಗ್ಬುಟ್ಟಿತ್ತು ಮೇಷ್ಟ್ರೇ. ಅಷ್ಟು ಸಣ್ಣ ಹಲ್ಲು ಯಾವ ಮಿಷಿನ್‌ಗಾದ್ರೂ ಇರ್ತದಾ? ಹುಡುಗ್ರ ಮುಂದೆ ಹೇಳಿದ್ರೆ ನಿಮ್ಗೆ ಅವಮಾನ ಅಂತ ನಾನೇ ಪಲ್ಪರ್ ಹಲ್ಲಿನ ಅಳತೆಗೆ ಸರಿ ಮಾಡ್ದೆ. ಮೂರು ತಲೆಮಾರು ಬರ್ತದೆ, ಯೋಚ್ನೆ ಬ್ಯಾಡಿ" ಎಂದ. ಗಣಿತದ ಮೇಷ್ಟರ ಮಾನ ಉಳಿಸಿದ ಪುಣ್ಯಾತ್ಮನನ್ನು ಬೈಯುವುದಾದರೂ ಹೇಗೆ? ಹಲ್ಲು ಕಚ್ಚಿಕೊಂಡು, ಮರುದಿನ ಊಟಕ್ಕೆ ಬಾ ಎಂದು ಕರೆದು ಬಂದೆ.

ಹಬ್ಬದ ಬೆಳಿಗ್ಗೆ ಇಳಿಜಾರಿನ ಎರಡೂ ಬದಿ ನೆಂಟರು ನಿಂತರು. ಆ ಇಟ್ಟಿಗೆಯಂಥ ಗೇರನ್ನು ಹೊತ್ತ ರೋಬೋಟಿನ ಮೇಲೆ ಕಾಫಿ ಲೋಟ ಇಟ್ಟು ಸ್ವಿಚ್ ಒತ್ತಿದೆ. ನೀವು ನಂಬಬೇಕು, ಹತ್ತಿತು! ಲೆಕ್ಕ ಕೂದಲೆಳೆಯಷ್ಟೂ ತಪ್ಪಿರಲಿಲ್ಲ. ಗೊರಗೊರ ಎನ್ನುತ್ತ ಒಂದು ಮೊಳ, ಎರಡು ಮೊಳ. ಶಿವುವಿನ ಮುಖ ಸಣ್ಣಗಾಯಿತು. ಅಷ್ಟರಲ್ಲಿ ಲಟಕ್ ಎಂದು ಪ್ಲಾಸ್ಟಿಕ್ ಡಬ್ಬಿ ನಡು ಮುರಿದು ಎರಡು ಹೋಳಾಯಿತು. ಲೋಟ ಉರುಳಿತು, ಕಾಫಿ ನನ್ನ ಹೊಸ ಪಂಚೆಗೆ ಬಿತ್ತು. ಗೇರ್ ಡಬ್ಬಿ ಮಾತ್ರ ದಡದಡನೆ ಇಳಿದು ರಾಜಣ್ಣನ ಕಾಲ ಬುಡದಲ್ಲಿ ನಿಂತಿತು. ಅವನು ಅದನ್ನು ಎತ್ತಿ, ಮೂತಿ ಒರೆಸಿ, ಎಲ್ಲರಿಗೂ ತೋರಿಸಿದ: "ನೋಡಿ, ಒಂದ್ ಹಲ್ಲೂ ಅಲ್ಲಾಡಿಲ್ಲ!" ನೆಂಟರೆಲ್ಲ ಭೇಷ್ ಎಂದರು. ನನಗೆ ಅಳುವುದೋ ಗೋಡೆಗೆ ತಲೆ ಚಚ್ಚಿಕೊಳ್ಳುವುದೋ ತಿಳಿಯಲಿಲ್ಲ.

ಅರ್ಧ ಗಂಟೆಯಲ್ಲಿ ನಾನು ಶಾವಿಗೆ ಒರಳಿನ ಮುಂದಿದ್ದೆ. ನಾಲ್ಕನೇ ಕಡುಬಿಗೆ ಭುಜ ನಡುಗತೊಡಗಿದಾಗ, ಆ ಗೇರನ್ನು ಇದಕ್ಕಾದರೂ ಜೋಡಿಸೋಣವೇ ಎಂದು ಗಿರಿಜಾಳನ್ನು ಕೇಳಿದೆ. "ನೂರು ಸುತ್ತಿಗೆ ಒಂದು ಸುತ್ತು ಅಂದ್ರೆ, ಕಡುಬು ಆರಿ ಕಲ್ಲಾಗ್ತದೆ ಕಣ್ರೀ" ಎಂದಳು. ಲೆಕ್ಕ ಸರಿಯಾಗಿತ್ತು. ಜಗಲಿಯಿಂದ ಶಿವು ಕಾಯಿಹಾಲನ್ನು ಸೊರ್ರನೆ ಹೀರುವ ಸದ್ದು ಇಲ್ಲಿಗೆ ಕೇಳುತ್ತಿತ್ತು. ಅವಳಿಗೆ ಏನನ್ನಿಸಿತೋ, ಸ್ವಲ್ಪ ಮೆತ್ತಗೆ ಕೇಳಿದಳು: "ಅಲ್ರೀ, ಅದ್ಯಾಕೆ ಅಷ್ಟು ಒದ್ದಾಡಿದ್ರಿ? ನಿಮ್ಗೆ ಎಂಥ ಮೋಟ್ರು ಬೇಕಾಗಿತ್ತು?"

ಏದುಸಿರು ಬಿಡುತ್ತಲೇ ಹೇಳಿದೆ: "ನಿಧಾನವಾಗಿ ತಿರುಗಬೇಕು. ಎಷ್ಟೇ ಭಾರ ಬಿದ್ದರೂ ನಿಲ್ಲಬಾರದು. ಹೇಳಿದ ಕಡೆಗೆ ತಿರುಗಬೇಕು. ಹೆಚ್ಚು ಸದ್ದು ಮಾಡಬಾರದು."

ಗಿರಿಜಾ ನನ್ನನ್ನು ಅಡಿಯಿಂದ ಮುಡಿಯವರೆಗೆ ಒಮ್ಮೆ ನೋಡಿದಳು. ಇನ್ನೊಂದು ಬಿಸಿ ಕಡುಬನ್ನು ಒರಳಿಗೆ ಹಾಕಿದಳು.

"ಹೂಂ, ತಿರುಗಿಸಿ" ಎಂದಳು.

ಸದ್ದು ಮಾಡದೆ ತಿರುಗಿಸಿದೆ.