ನಮ್ಮ ಖಾನಾವಳಿಗೆ 'ಊಟ' ಎಂದು ಹೆಸರಿಟ್ಟಿದ್ದು

ಮರಾಠಿ ಸೀಮೆಯ ಡೊಂಬಿವಲಿಯಲ್ಲಿ ಅಂಗಡಿಯ ಹೆಸರು ನಾವು ಇಟ್ಟಂತೆ ಉಳಿಯುವುದಿಲ್ಲ. ಬೋರ್ಡು ಬರೆಯುವವನಿಗೂ ಓದುವವನಿಗೂ ಅದರಲ್ಲಿ ಪಾಲು ಬೇಕು. ಧಾರವಾಡದ ರೊಟ್ಟಿ, ಎಣ್ಣೆಗಾಯಿ ನಂಬಿಕೊಂಡು ಸ್ಟೇಷನ್ ಹತ್ತಿರ ಪುಟ್ಟ ಖಾನಾವಳಿ ತೆರೆದಾಗ ನನಗಿದು ತಿಳಿಯಿತು.

೧. ಮೂರು ಗಣೇಶ

ವಾಗ್ಳೆ ಎಸ್ಟೇಟಿನ ಕಾರ್ಖಾನೆಯೊಂದರಲ್ಲಿ ನೌಕರಿ ಮಾಡುವ ನಮ್ಮ ಮನೆಯವರು ಗಣೇಶನ ಹೆಸರಿಡು ಎಂದರು. ನಮ್ಮ ಓಣಿಯಲ್ಲಿ ಆಗಲೇ ಮೂರು ಗಣೇಶ: ಮೆಡಿಕಲ್, ಸಲೂನ್, ಗ್ಯಾರೇಜು. ಮಗಳು "ಮಮ್ಮಿ, ಕುಛ್ ಭೀ ರಖ್ ದೋ ನಾ", ಏನೋ ಒಂದು ಇಟ್ಟುಬಿಡು ಎಂದಳು, ಹಿಂದಿಯಲ್ಲಿ. ಹದಿನೆಂಟು ವರ್ಷ ಈ ಊರಲ್ಲಿ ನಾನು ಇಂಥವರ ಹೆಂಡತಿ, ಇಂಥವಳ ತಾಯಿ. ಬೋರ್ಡಿನ ಮೇಲಾದರೂ ನನ್ನ ಮಾತು ಇರಲಿ, ಅದೂ ಕನ್ನಡದ ಮಾತು. 'ಊಟ' ಎಂದು ಇಡುತ್ತೇನೆ ಎಂದೆ.

"ಊಟಕ್ಕ ಊಟ ಅಂತ ಯಾರರ ಹೆಸರಿಡ್ತಾರೇನು?" ಎಂದು ನಕ್ಕವರು, ಮರುಗಳಿಗೆಗೇ ಅಡುಗೆಮನೆಗೆ ಇಣುಕಿ, "ಊಟ ತಯಾರಾತೇನು?" ಎಂದರು. ಹೆಸರು ಅವರ ಬಾಯಿಂದಲೇ ಪಾಸಾಯಿತು.

೨. ಒಂದು ಚುಕ್ಕೆ

ಬೋರ್ಡು ಮರಾಠಿ ಅಕ್ಷರದಲ್ಲಿರಬೇಕಿತ್ತು. ಪಾಪ, ವಹಿನಿ, ಅಂದರೆ ಅತ್ತಿಗೆಯಾದ ನಾನು, ಚುಕ್ಕೆ ಮರೆತಿದ್ದಾರೆ ಎಂದು ಪೇಂಟರ್ ತಾನೇ ಅಕ್ಷರದ ತಲೆಗೆ ನಮ್ಮ ಸೊನ್ನೆಯಂಥ ಒಂದು ಚುಕ್ಕೆ ಸೇರಿಸಿದ. ಊಟ ಹೋಗಿ 'ಊಂಟ್' ಆಯಿತು, ಮರಾಠಿಯವರ ಬಾಯಲ್ಲಿ 'ಉಂಟ್', ಎಂದರೆ ಒಂಟೆ. ಮೊದಲ ದಿನವೇ ಒಬ್ಬಾತ ಮಗುವನ್ನು ಎತ್ತಿಕೊಂಡು ಬಂದು, ಒಂಟೆ ಎಷ್ಟು ಹೊತ್ತಿಗೆ ಬರುತ್ತದೆ ಎಂದು ಕೇಳಿದ.

ಪಕ್ಕದ ಹೋಟೆಲಿನ ಉಡುಪಿಯ ಅಣ್ಣ, ಒಂದು ಕಟಿಂಗ್ ಚಹಾಕ್ಕೆ, ಅಂದರೆ ಅರ್ಧ ಕಪ್ಪಿಗೆ, ಒಂದು ಗಂಟೆ ಕೂರುವ ಗಿರಾಕಿಗಳಿಂದ ಬೇಸತ್ತವರು, ಸಮಾಧಾನ ಹೇಳಿದರು: "ಬೇಜಾರು ಮಾಡ್ಬೇಡಿ ಅಕ್ಕ, ನಮ್ಮ ಕಡೆ ಉಂಟು ಅಂದ್ರೆ ಇದೆ ಅಂತ." ಏನು ಇದೆ ಎಂದು ಮಾತ್ರ ಬೋರ್ಡು ಹೇಳುತ್ತಿರಲಿಲ್ಲ.

೩. ಏಳು

ಮನೆಯವರು ಹೆಸರು ಬದಲಿಸು ಎಂದರು. "ಬೇಕಾದರ ಅಂಗಡಿ ಬದಲಿಸ್ತೀನಿ, ಹೆಸರು ಬದಲಿಸೂದಿಲ್ಲ" ಎಂದು ಪೇಂಟರನನ್ನೇ ಕರೆಸಿದೆ. ನೆಲದ ಮೇಲೆ ಕೂತಿದ್ದವನಿಗೆ ಬಿಡಿಸಿ ಹೇಳಿದೆ: ಊಟ, ಊಟ. ಅವನು ಎದ್ದು ನಿಂತ. ಅರ್ಥವಾಯಿತು ಅಂದುಕೊಂಡೆ.

ಚುಕ್ಕೆ ಅಳಿಸಿ, ಟ ತೆಗೆದು ಠ ಬರೆದ. ಒಳಗೆ ತೂಗುಹಾಕಲು ಹಾಗೇ ಇನ್ನೊಂದು ಹಲಗೆಯನ್ನೂ ಪುಕ್ಕಟೆ ಬರೆದುಕೊಟ್ಟ. 'ಊಠ್' ಎಂದರೆ ಮರಾಠಿಯಲ್ಲಿ 'ಏಳು', ಅದೂ ಏಕವಚನ. ಮೊದಲು ಬಂದ ನಿವೃತ್ತ ಮಾಸ್ತರರು ಹಲಗೆ ಓದಿ ತಟ್ಟೆ ಹಿಡಿದೇ ಎದ್ದುಬಿಟ್ಟರು. ನನಗೆ ಅಳುವೇ ಬಂತು. ಅವರನ್ನು ಕೂರಿಸಿ, ನಮ್ಮಲ್ಲಿ ಊಟ ಎಂದರೆ ಜೇವಣ ಎಂದು ತಿಳಿಸಿ, ಇನ್ನೆರಡು ರೊಟ್ಟಿ ಬಡಿಸಿದೆ. ಬಂದವರಿಗೆಲ್ಲ ಇದೇ ಪಾಠ. ತಿಂಗಳೊಳಗೆ ಓಣಿಯ ಮರಾಠಿಯವರೂ ಊಟ ಆಯಿತೇ ಎನ್ನಲು "ಊಟ ಝಾಲಾ ಕಾ?" ಎನ್ನತೊಡಗಿದರು. ನಾನು ಗೆದ್ದೆ.

ಕೊನೆಗೆ ಪೇಂಟರ್ ತಪ್ಪು ತಿದ್ದಲು ಬಣ್ಣದ ಡಬ್ಬಿ ಹಿಡಿದು ಬಂದ. ಉಡುಪಿಯ ಅಣ್ಣ, ಕಟಿಂಗ್ ಚಹಾದವರು ಇನ್ನೂ ಕೂತೇ ಇದ್ದ ಹೋಟೆಲಿನ ಗಲ್ಲಾ ಬಿಟ್ಟು ಓಡಿ ಬಂದು ಅವನ ಕೈ ಹಿಡಿದರು.

"ಅಳಿಸ್ಬೇಡಿ ಅಕ್ಕ. ಆ ಒಳಗಿನ ಹಲಗೆ ನನಗೆ ಕೊಡಿ."