ಎಂಗೇಜ್ ಐತ್ರಿ, ಆಮ್ಯಾಲೆ ಬರ್ರಿ

‘ಇಲ್ಲ’ ಅನ್ನಲಿಕ್ಕೆ ಕನ್ನಡದಲ್ಲಿ ಎರಡೇ ಅಕ್ಷರ ಸಾಕು. ಆದರೆ ನಮ್ಮ ಮಂದಿಗೆ ಅದನ್ನು ಇಂಗ್ಲಿಷಿನಲ್ಲೇ ಹೇಳಬೇಕು, ಹೇಳಿದಾಗೊಮ್ಮೆ ಏನಾದರೊಂದು ಫಜೀತಿ ಆಗಬೇಕು. ನಾನು ಸರ್ಕಾರಿ ಕಚೇರಿಯ ಗುಮಾಸ್ತೆ, ಹೊಲಮನೆಯ ಕಾಗದಪತ್ರದ ಕೆಲಸ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ನಾಲ್ಕೂ ಊರಿನ ನೀರು ಕುಡಿದವಳು. ಎಲ್ಲಿಗೆ ವರ್ಗವಾದರೂ ಈ ಫಜೀತಿ ನನಗಿಂತ ಮೊದಲೇ ಅಲ್ಲಿ ಹಾಜರಿರುತ್ತಿತ್ತು.

ರಿಸರ್ವ್

ಬೈಲಹೊಂಗಲದಿಂದ ಸವದತ್ತಿಗೆ ದಿನಾ ಬಸ್ಸಿನಲ್ಲಿ ಓಡಾಡುತ್ತಿದ್ದೆ. ಒಂದು ಮುಂಜಾನೆ ಬಸ್ಸು ನಿಲ್ಲುವ ಮೊದಲೇ ಒಬ್ಬ ತರುಣ ಕಿಟಕಿಯಿಂದ ಟವೆಲ್ ಒಗೆದು ಸೀಟು ಹಿಡಿದ. ಅವನು ಒಳಗೆ ಬರುವಷ್ಟರಲ್ಲಿ ಒಬ್ಬ ಮುದುಕಿ ಬುಟ್ಟಿ ಹಿಡಿದುಕೊಂಡು ಆ ಸೀಟಿನ ಮುಂದೆ ನಿಂತಿದ್ದಳು.

“ಆಯಿ, ಅಲ್ಲಿ ಕುಂದರಬ್ಯಾಡ. ಅದು ರಿಸರ್ವ್ ಐತಿ.”

“ಖರೇನ?”

“ಖರೇನ. ಟವೆಲ್ ಕಾಣವಲ್ದ?”

ಆಯಿ ಟವೆಲನ್ನು ನೀಟಾಗಿ ಮಡಚಿ ಅವನ ಕೈಗೆ ಕೊಟ್ಟು ಆರಾಮಾಗಿ ಕುಂತಳು. “ಮಹಿಳಾ ರಿಸರ್ವ್ ಇರಬೇಕ ತಮ್ಮಾ. ನಮ್ಮ ಊರ ಪಂಚಾಯ್ತಿ ಸೀಟೂ ಹಂಗ ಇತ್ತು. ಮಂದಿ ಎಲ್ಲಾ ಗಡಬಡಿಸಿದ್ರು, ಕುಂತಾಕಿ ನಾನ.”

“ಅಲ್ಲಬೇ, ಮೊದಲ ಟವೆಲ್ ಹಾಕಿದಾಂವ ನಾ!”

“ಹಾಕಿದ್ರ ಹಾಕ. ಇನ್ನ ಐದ ವರ್ಷ ನನ್ನ ಯಾರೂ ಎಬ್ಬಸಾಂಗಿಲ್ಲ.”

ಎನ್.ಎ.

ನಮ್ಮ ಕಡೆ ಎನ್.ಎ. ಅಂದರೆ ಒಂದೇ ಅರ್ಥ. ಬೆಳೆ ಬೆಳೆಯುವ ಹೊಲವನ್ನು ಮನೆ ಕಟ್ಟುವ ಜಾಗ ಅಂತ ಸರ್ಕಾರದಿಂದ ಬರೆಸಿಕೊಳ್ಳುವುದು. ಸವದತ್ತಿಯಲ್ಲಿ ಆ ಫೈಲುಗಳು ನನ್ನ ಟೇಬಲ್ಲಿನ ಮೇಲೇ ಇದ್ದವು. ಒಂದಿನ ಉಗರಗೋಳದ ಅಜ್ಜ ಒಬ್ಬರು ಬಂದು ನನ್ನ ಮುಂದೆ ಡಾಕ್ಟರ ಚೀಟಿ ಇಟ್ಟರು.

“ಅಕ್ಕಾರ, ನಮ್ಮಾಕಿ ಮೊಣಕಾಲಿನ ಗುಳಗಿ ಎನ್.ಎ. ಆಗ್ಯಾವಂತ. ಅದನ್ನಷ್ಟ ಕ್ಯಾನ್ಸಲ್ ಮಾಡಿ ಕೊಡ್ರಿ.”

ಚೀಟಿ ನೋಡಿದೆ. ಔಷಧದಂಗಡಿಯವನು ‘ಸಿಗೂದಿಲ್ಲ’ ಅನ್ನುವುದನ್ನು ಇಂಗ್ಲಿಷಿನಲ್ಲಿ ಗಿಡ್ಡ ಮಾಡಿ ಎನ್.ಎ. ಅಂತ ಗೀಚಿದ್ದ. ಅಜ್ಜ ಮೂರು ಅಂಗಡಿ ತಿರುಗಿದ್ದರು, ಮೂರೂ ಕಡೆ ಅದೇ ಎರಡು ಅಕ್ಷರ. ನಗು ಬಂತು, ಆದರೆ ಅವರ ಮುಖ ನೋಡಿ ನುಂಗಿಕೊಂಡೆ. ಆ ಅಜ್ಜಿ ಎರಡು ದಿನದಿಂದ ನೋವಿನಲ್ಲಿ ಹಾಸಿಗೆ ಬಿಟ್ಟು ಎದ್ದಿರಲಿಲ್ಲವಂತೆ. ಬೈಲಹೊಂಗಲದ ಗೆಳತಿಗೆ ಫೋನ್ ಹಚ್ಚಿ, ಅಲ್ಲಿ ಗುಳಗಿ ಕೊಳ್ಳಿಸಿ, ಮಧ್ಯಾಹ್ನದ ಬಸ್ಸಿನಲ್ಲಿ ತರಿಸಿಕೊಟ್ಟೆ.

ಅಜ್ಜ ಗುಳಗಿಯನ್ನು ಕಣ್ಣಿಗೆ ಒತ್ತಿಕೊಂಡರು. ಆಮೇಲೆ ಎಲ್ಲರಿಗೂ ಕೇಳುವ ಹಾಗೆ ಅಂದರು: “ನಮ್ಮ ಹೊಲ ಎನ್.ಎ. ಮಾಡಸಾಕ ಎರಡ ವರ್ಷ ನಿಮ್ಮ ಆಫೀಸಿಗೆ ಅಡ್ಡಾಡಿದೆ. ಕ್ಯಾನ್ಸಲ್ ಮಾಡೂದು ಇಷ್ಟ ಲಗೂ ಆಗತೈತಿ ಅಂತ ಗೊತ್ತ ಇರಲಿಲ್ಲ ನೋಡ್ರಿ!”

ಔಟ್ ಆಫ್ ಆರ್ಡರ್

ಕಿತ್ತೂರಿನಲ್ಲಿ ನಮ್ಮ ಜೊತೆಗಿದ್ದ ಒಬ್ಬ ಗುಮಾಸ್ತರು ತಮ್ಮ ಊರಿಗೆ ವರ್ಗ ಕೇಳಿ ಅರ್ಜಿ ಹಾಕಿದ್ದರು. ದಿನಕ್ಕೆ ಹತ್ತು ಸಲ ಅವರದು ಒಂದೇ ಪ್ರಶ್ನೆ: “ಆರ್ಡರ್ ಔಟ್ ಆತೇನು?”

ಒಂದು ಮುಂಜಾನೆ ಸಿಪಾಯಿ ಓಡಿ ಬಂದ. “ಸಾಹೇಬ್ರ, ಹೊರಗ ಚೀಟಿ ಹಚ್ಚ್ಯಾರ. ಔಟು, ಆರ್ಡರು ಅಂತ ಏನೋ ಐತ್ರಿ!”

ಅವರು ಚೀಟಿ ನೋಡಲಿಲ್ಲ. ಮೊದಲು ಮನೆಗೆ ಫೋನ್ ಮಾಡಿದರು, ಆಮೇಲೆ ಎರಡು ಕಿಲೋ ಪೇಢಾ ತರಿಸಿದರು. ಎಲ್ಲರೂ ತಿಂದು ಕೈಕುಲುಕಿದ ಮೇಲೆ ಮೊಬೈಲ್ ಹಿಡಿದು ಚೀಟಿಯ ಫೋಟೋ ತೆಗೆಯಲು ಹೊರಗೆ ಹೋದರು. ಚೀಟಿ ಇದ್ದದ್ದು ಕುಡಿಯುವ ನೀರಿನ ಮಷಿನ್ ಮೇಲೆ. ಮಷಿನ್ ಕೆಟ್ಟಿತ್ತು.

ನಿಜವಾದ ಆರ್ಡರ್ ಬಂದದ್ದು ನಾಲ್ಕು ತಿಂಗಳ ಮೇಲೆ. “ಸಾಹೇಬ್ರ, ಪೇಢಾ?” ಅಂತ ಸಿಪಾಯಿ ಕೈ ಒಡ್ಡಿದ.

“ನೀರ ಕುಡಿ” ಅಂದರು.

ಎಂಗೇಜ್

ಇದು ನನ್ನದೇ ಕತೆ. ಆಗ ನಾನು ರಾಮದುರ್ಗದಲ್ಲಿದ್ದೆ. ಚಚಡಿಯಿಂದ ಬೈಲಹೊಂಗಲದ ನಮ್ಮ ಮನೆಗೆ ನನ್ನನ್ನು ನೋಡಲು ಬಂದಿದ್ದರು. ಹುಡುಗ ಸಾಲಿ ಮಾಸ್ತರ. ನನಗಂತೂ ಮನಸ್ಸಿಗೆ ಬಂದಿದ್ದ. “ನಾಳೆ ಫೋನ್ ಮಾಡತೇವಿ” ಅಂತ ಹೋದವರು ಹದಿನೈದು ದಿನವಾದರೂ ಮಾಡಲಿಲ್ಲ. ಅಪ್ಪ, ಅವ್ವ ಆ ಮಾತೇ ಎತ್ತುವುದನ್ನು ಬಿಟ್ಟರು. ನಾನು ಒಬ್ಬಳೇ ಇದ್ದಾಗ ಒಂದೆರಡು ಸಲ ಕಣ್ಣೀರನ್ನೂ ಹಾಕಿದೆ.

ಚಚಡಿಯಲ್ಲಿ ಆದದ್ದು ಬೇರೆಯೇ. ‘ಹುಡುಗಿ ಪಸಂದ ಆಗ್ಯಾಳ’ ಅಂತ ತಿಳಿಸಲು ಹುಡುಗನ ಸೋದರಮಾವ ಮರುದಿನವೇ ನಮ್ಮ ಅಪ್ಪನಿಗೆ ಫೋನ್ ಹಚ್ಚಿದ್ದರು. ಅಪ್ಪ ತನ್ನ ತಂಗಿಯ ಜೊತೆ ಫೋನಿನಲ್ಲಿ ಮಾತಿಗೆ ಕುಂತರೆ ತಾಸುಗಟ್ಟಲೆ. ಮಾವ ನಾಲ್ಕು ಸಲ ಹಚ್ಚಿ ನೋಡಿ, ಹುಡುಗನ ತಾಯಿಗೆ ಹೇಳಿದರು: “ಎಂಗೇಜ್ ಐತೆವಾ.”

ತಾಯಿ ಹೌಹಾರಿದರು. “ಅಯ್ಯ! ಯಾವಾಗ ಆತು?”

“ಈಗ ಅರ್ಧಾ ತಾಸ ಆತು.”

“ಯಾರ ಜೋಡಿ?”

“ನನಗೇನ ಗೊತ್ತು? ಯಾರ ಜೋಡಿಯೋ ಮಾತುಕತಿ ನಡದೈತಿ. ಮತ್ತ ಹಚ್ಚಲೇನು?”

“ಇನ್ನ ಹಚ್ಚಿ ಏನ ಮಾಡ್ತಿ? ಬಿಡು.”

ಮಾವ ಬಿಟ್ಟರು. ತಾಯಿ ಬೇರೆ ಹುಡುಗಿ ಹುಡುಕಲು ಶುರು ಮಾಡಿದರು. ಹುಡುಗ ಮಾತ್ರ ಯಾವ ಹುಡುಗಿಯನ್ನೂ ನೋಡಲು ಹೋಗಲಿಲ್ಲ. ಒಂದಿನ ಸೀದಾ ರಾಮದುರ್ಗಕ್ಕೆ ಬಂದು, ಉತಾರ, ಅಂದರೆ ಹೊಲದ ಪಹಣಿ, ಬೇಕಾದ ರೈತರ ಪಾಳಿಯಲ್ಲಿ ನಿಂತು, ನನ್ನ ಟೇಬಲ್ಲಿನ ಮುಂದೆ ಹಾಜರಾದ.

“ನಿಮಗೂ ಹೊಲದ ಉತಾರ ಬೇಕಾಗಿತ್ತೇನ್ರಿ?” ಅಂದೆ, ಮುಖ ಗಂಟಿಕ್ಕಿಕೊಂಡು.

“ಇಲ್ಲರಿ. ನಿಮಗ ಅಭಿನಂದನೆ ಹೇಳಿ ಹೋಗೂಣು ಅಂತ ಬಂದೆ. ಎಂಗೇಜ್ ಆಗೇತಂತಲ್ಲರಿ.”

“ಯಾರ ಹೇಳಿದ್ರು?”

“ಅವ್ವ. ಮಾವ ನಿಮ್ಮ ಅಪ್ಪಾರಿಗೆ ಫೋನ್ ಹಚ್ಚಿದಾಗ ಗೊತ್ತಾತಂತ.”

ಒಂದು ಕ್ಷಣ ನನಗೆ ತಿಳಿಯಲಿಲ್ಲ. ತಿಳಿದ ಮೇಲೆ ದನಿ ನನ್ನ ಕೈಯಲ್ಲಿ ಇರಲಿಲ್ಲ. “ಎಂಗೇಜ್ ಆಗಿದ್ದು ನಮ್ಮ ಅಪ್ಪನ ಫೋನ್ರೀ! ನಾ ಇನ್ನೂ ಖಾಲಿ ಅದೇನಿ!”

ಟೈಪ್ ಮಾಡುವವರ ಕೈಗಳು ನಿಂತವು. ಮಾಸ್ತರ ಕೆಂಪಾಗಿ ನಿಂತಿದ್ದ, ನಾನು ಟೇಬಲ್ಲಿನ ಕೆಳಗೆ ಹೋಗಲು ಜಾಗ ಹುಡುಕುತ್ತಿದ್ದೆ. ಆಗ ಪಾಳಿಯಲ್ಲಿ ಅವನ ಹಿಂದೆ ನಿಂತಿದ್ದ ಮುದುಕ ರೈತರೊಬ್ಬರು ತಮ್ಮ ಕಾಗದ ಮಡಚಿ ಕಿಸೆಗೆ ಹಾಕಿಕೊಂಡರು.

“ತಂಗಿ, ನನ್ನ ಉತಾರ ನಾಳೆ ಕೊಟ್ರೂ ನಡೀತೈತಿ. ಮೊದಲ ಇವನ ಅರ್ಜಿ ಮಂಜೂರ ಮಾಡವಾ!”